ಐಸಿಯು, ಆ್ಯಂಟಿಬಯಾಟಿಕ್ ಮತ್ತು ಕಿಡ್ನಿ

ಬ್ರೂಕ್‌ಫೀಲ್ಡ್ ಸುತ್ತಮುತ್ತ ಯಾರಾದರೂ ಐಸಿಯು ಸೇರಿದರೆ ಮನೆಯವರು ಕೇಳುವುದುಂಟು: "ಹಕೀಂ ಸಾಹೇಬರೇ, ಆ್ಯಂಟಿಬಯಾಟಿಕ್‌ನಿಂದ ಕಿಡ್ನಿ ಹಾಳಾಗುತ್ತದಂತೆ, ನಿಲ್ಲಿಸಲು ಹೇಳೋಣವೇ?" ಬೇಡ. ರಕ್ತಕ್ಕೆ ಹರಡಿದ ಸೋಂಕು ಕಿಡ್ನಿಯನ್ನೂ ಕೆಡಿಸುತ್ತದೆ, ಜೀವವನ್ನೂ ತೆಗೆಯುತ್ತದೆ. ಹಾಗೆಂದು ಭಯ ಸುಳ್ಳಲ್ಲ. ಅಮಿಕಾಸಿನ್, ವ್ಯಾಂಕೊಮೈಸಿನ್, ಕೊಲಿಸ್ಟಿನ್ ಕಿಡ್ನಿಯ ಸೂಕ್ಷ್ಮ ನಾಳಗಳಿಗೆ ಹಾನಿ ಮಾಡಬಲ್ಲವು. ಕೊಲಿಸ್ಟಿನ್ ಇದೇ ಕಾರಣಕ್ಕೆ 1970ರ ದಶಕದಲ್ಲಿ ಮೂಲೆ ಸೇರಿತ್ತು. ಬೇರೆ ಔಷಧಿಗೆ ಬಗ್ಗದ ರೋಗಾಣುಗಳು ಹೆಚ್ಚಿ ಮತ್ತೆ ಬಳಕೆಗೆ ಬಂತು.

ದಿನವೂ ಕ್ರಿಯಾಟಿನಿನ್ ಎಷ್ಟು, ಮೂತ್ರ ಎಷ್ಟು ಎಂದು ವೈದ್ಯರನ್ನು ಕೇಳಿ. 60 ಕಿಲೋ ತೂಕದವರಿಗೆ ಆರು ಗಂಟೆ ಕಾಲ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದರೆ ಅದು ಎಚ್ಚರಿಕೆ. ಬೇಗ ತಿಳಿದರೆ ಡೋಸ್ ಸರಿಪಡಿಸಬಹುದು, ಔಷಧಿ ಬದಲಿಸಬಹುದು. ಸಕ್ಕರೆ ಕಾಯಿಲೆ, ನೋವಿನ ಮಾತ್ರೆ, ನಮ್ಮಂಥವರು ಕೊಟ್ಟ ಕುಷ್ತಾ, ಮಾಜೂನ್ ಯಾವುದನ್ನೂ ಮುಚ್ಚಿಡಬೇಡಿ. ಐಸಿಯುನಲ್ಲಿರುವವರಿಗೆ ಗುಟ್ಟಾಗಿ ಯಾವ ಔಷಧಿಯನ್ನೂ ಕುಡಿಸಬೇಡಿ, ನಾನು ಕೊಟ್ಟದ್ದಾದರೂ ಸರಿ.