ಸೊರಗಿದ ನಾಯಿಮರಿಯ ಪೋಷಣೆ

ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯಲ್ಲಿ ಹೊಲ, ಕುರಿಹಟ್ಟಿ ಮತ್ತು ತೋಟದ ಮನೆಗಳ ಕಾವಲಿಗೆ ನಾಯಿ ಸಾಕುವ ರೂಢಿ ಹಿಂದಿನಿಂದ ಬಂದುದು. ಮುಧೋಳ ತಳಿಗೆ ಈಗ ಹೊರಗಿನವರ ಬೇಡಿಕೆಯೂ ಇದೆ. 2005ರಲ್ಲಿ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ಮರಿಗೆ ಬೆಲೆ ಬಂದ ಕಡೆ ಅದನ್ನು ತಾಯಿಯಿಂದ ಬೇಗ ಅಗಲಿಸುವ ಆಸೆಯೂ ಹುಟ್ಟುತ್ತದೆ. ತಾಯಿಯ ಹಾಲು ಬಿಡುವ ಮೊದಲೇ ಒಯ್ದ ಮರಿ ಹೊಸ ಮನೆಯಲ್ಲಿ ಎರಡು ವಾರದೊಳಗೆ ಸೊರಗುತ್ತದೆ. ಹೊಟ್ಟೆ ಡೊಳ್ಳಾಗಿ, ಪಕ್ಕೆಲುಬು ಎದ್ದು, ಕೂದಲು ಒರಟಾಗುತ್ತದೆ. ಮನೆಯವರು ಮರುಗಿ ಇನ್ನಷ್ಟು ಹಾಲು, ಇನ್ನಷ್ಟು ರೊಟ್ಟಿ ಹಾಕುತ್ತಾರೆ. ಮರಿಗೆ ಭೇದಿಯಾಗುತ್ತದೆ. ಹೀಗೆ ಸತ್ತ ಮರಿಗಳಲ್ಲಿ ಅನೇಕವು ಆಹಾರದ ಕೊರತೆಯಿಂದಲ್ಲ, ಆಹಾರ ಕೊಟ್ಟ ಕ್ರಮದ ತಪ್ಪಿನಿಂದ ಸತ್ತಿರುತ್ತವೆ. ಸೊರಗಿದ ಮರಿಗೆ ಮೊದಲು ಬೇಕಾದುದು ಹೊಟ್ಟೆಯ ಹುಳುವಿನ ಚಿಕಿತ್ಸೆ. ತುಂಬಿದ ತಟ್ಟೆ ಆಮೇಲಿನ ಮಾತು.

ತಳಿಯ ತೆಳುವೋ, ಹಸಿವಿನ ತೆಳುವೋ?

ಮುಧೋಳ ನಾಯಿ ಓಟದ ನಾಯಿ. ಬೆಳೆದ ಗಂಡು ಸುಮಾರು 22ರಿಂದ 28 ಕಿ.ಗ್ರಾಂ ತೂಗಿದರೂ ನೋಡುವವರಿಗೆ ಬಡಕಲಾಗಿಯೇ ಕಾಣುತ್ತದೆ. ಹೊಟ್ಟೆ ಒಳಸೇದಿರುವುದು, ಕೊನೆಯ ಎರಡು ಮೂರು ಪಕ್ಕೆಲುಬುಗಳು ತೆಳುವಾಗಿ ಕಾಣುವುದು ಈ ತಳಿಯ ಗುಣ. ಇದನ್ನೇ ಬಲಹೀನತೆ ಎಂದು ತಿಳಿದು ಮರಿಯನ್ನು ಕೊಬ್ಬಿಸಿದರೆ ಬೆಳೆಯುವ ಎಲುಬು, ಕೀಲುಗಳ ಮೇಲೆ ಭಾರ ಬೀಳುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ನಿಜವಾಗಿ ಸೊರಗಿದ ಮರಿಯನ್ನು 'ಈ ಜಾತಿಯೇ ಹೀಗೆ' ಎಂದು ಬಿಟ್ಟುಬಿಡುವುದು. ಎರಡನೆಯದೇ ಹೆಚ್ಚು ಅಪಾಯದ್ದು.

ಕಣ್ಣಿಗಿಂತ ಕೈಯನ್ನು ನಂಬಬೇಕು. ಅಂಗೈಯನ್ನು ಮರಿಯ ಪಕ್ಕೆಯ ಮೇಲೆ ಹಗುರಾಗಿ ಆಡಿಸಿದಾಗ ಎಲುಬು ತೆಳುವಾದ ಮಾಂಸದ ಹೊದಿಕೆಯ ಕೆಳಗೆ ಸಿಕ್ಕಿದರೆ ಚಿಂತೆಯಿಲ್ಲ. ಬೆನ್ನೆಲುಬಿನ ಗಂಟುಗಳು ಒಂದೊಂದಾಗಿ ಚೂಪಾಗಿ ತಾಗಿದರೆ, ತೊಡೆಯ ಮಾಂಸ ಇಳಿದು ಸೊಂಟದ ಎಲುಬು ಎದ್ದಿದ್ದರೆ ಅದು ಹಸಿವಿನ ಅಥವಾ ರೋಗದ ತೆಳು. ನಂತರ ತುಟಿಯೆತ್ತಿ ವಸಡು ನೋಡಬೇಕು. ಆರೋಗ್ಯವಂತ ಮರಿಯ ವಸಡು ನಸುಗೆಂಪು, ಬಿಳಿಚಿದ್ದರೆ ರಕ್ತಹೀನತೆ. ಕೊಕ್ಕೆಹುಳು, ಉಣ್ಣೆ, ಚಿಗಟ ಮೂರೂ ರಕ್ತ ಹೀರುವಂಥವು. ಉಣ್ಣೆಯಿಂದ ಬರುವ ಜ್ವರದಲ್ಲಿಯೂ ವಸಡು ಬಿಳಿಚುತ್ತದೆ. ವಸಡು ಬಿಳಿಚಿದ ಮರಿಗೆ ಮನೆಮದ್ದು ಮಾಡುತ್ತ ಕೂಡದೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಹುಳು ಎಲ್ಲಿಂದ ಬಂತು?

ಇನ್ನೂ ಮಣ್ಣು ನೆಕ್ಕದ ಮರಿಗೆ ಹುಳು ಹೇಗೆ ಬರಬೇಕು ಎಂದು ರೈತರು ಕೇಳುವುದುಂಟು. ದುಂಡುಹುಳುವಿನ ಸಣ್ಣ ಮರಿಗಳು ತಾಯಿನಾಯಿಯ ಮಾಂಸಖಂಡಗಳಲ್ಲಿ ಅಡಗಿದ್ದು, ಗಬ್ಬದ ಕಾಲದಲ್ಲಿ ಎಚ್ಚೆತ್ತು ಗರ್ಭದಲ್ಲಿಯೇ ಮರಿಯನ್ನು ಸೇರುತ್ತವೆ. ಕೊಕ್ಕೆಹುಳು ಮೊಲೆಹಾಲಿನ ಮೂಲಕ ಬರುತ್ತದೆ. ಆದುದರಿಂದ ಹಳ್ಳಿಯಲ್ಲಿ ಹುಟ್ಟಿದ ಮರಿಗೆ ಹುಳುವಿದೆ ಎಂದೇ ಹಿಡಿದು ಔಷಧ ಕೊಡಬೇಕು. ಮೊದಲ ಸಲ 2 ವಾರಕ್ಕೆ, ಆಮೇಲೆ 4, 6 ಮತ್ತು 8ನೆಯ ವಾರಕ್ಕೆ, ಅಲ್ಲಿಂದ 6 ತಿಂಗಳ ತನಕ ತಿಂಗಳಿಗೊಮ್ಮೆ. ಮರಿಗಳಿಗೆ ಪೈರಾಂಟೆಲ್ ಎಂಬ ಔಷಧ ಸಾಮಾನ್ಯವಾಗಿ ಬಳಕೆಯಲ್ಲಿದೆ. ಮೊಲೆಯೂಡುವ ತಾಯಿಗೂ ಅದೇ ವೇಳೆಗೆ ಔಷಧ ಕೊಡಿಸಬೇಕು. ಮರಿಗೆ ಕೊಟ್ಟು ತಾಯಿಯನ್ನು ಬಿಟ್ಟರೆ ಹುಳು ತಿರುಗಿ ಬರುತ್ತದೆ. ಪ್ರಮಾಣವನ್ನು ತೂಕದ ಮೇಲೆ ಪಶುವೈದ್ಯರೇ ಹೇಳಬೇಕು.

ಇಲ್ಲಿ ಒಂದು ಎಚ್ಚರಿಕೆ. ದನಕ್ಕೋ ಕುರಿಗೋ ತಂದ ಐವರ್‌ಮೆಕ್ಟಿನ್ ಔಷಧದಲ್ಲಿ ಉಳಿದುದನ್ನು ಮರಿಗೆ ಹಾಕಕೂಡದು. ಅದು ದೊಡ್ಡ ಜಾನುವಾರಿನ ಲೆಕ್ಕಕ್ಕೆ ಮಾಡಿದ ಗಟ್ಟಿ ಔಷಧ. ಮರಿಗೆ ಒಂದೆರಡು ಹನಿ ಹೆಚ್ಚಾದರೂ ನಡುಕ ಹಿಡಿದು ಪ್ರಾಣಕ್ಕೆ ಬರಬಹುದು. ಉಣ್ಣೆ ಚಿಗಟಗಳಿಗೆಂದು ಹತ್ತಿಗೆ ಹೊಡೆಯುವ ಕೀಟನಾಶಕವನ್ನು ಮರಿಯ ಮೈಗೆ ಬಳಿಯುವುದಂತೂ ವಿಷವಿಟ್ಟಂತೆಯೇ. ಮರಿ ಮೈ ನೆಕ್ಕುವ ಪ್ರಾಣಿ ಎಂಬುದನ್ನು ಮರೆಯಬಾರದು.

ಕುರಿ ಸಾಕುವವರು ಲಾಡಿಹುಳುವನ್ನು ಬೇರೆಯಾಗಿಯೇ ಗಮನಿಸಬೇಕು. ಸತ್ತ ಅಥವಾ ಕೊಯ್ದ ಕುರಿಯ ತಲೆ, ಶ್ವಾಸಕೋಶ, ಪಿತ್ತಜನಕಾಂಗಗಳನ್ನು ಹಸಿಯಾಗಿ ನಾಯಿಗೆ ಎಸೆಯುವುದು ಹಟ್ಟಿಗಳಲ್ಲಿ ಕಂಡುಬರುತ್ತದೆ. ಮರಿ ಮೈದುಂಬಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಕುರಿಯ ಮೆದುಳಿನಲ್ಲಿರುವ ನೀರುಗುಳ್ಳೆಯನ್ನು ತಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆ ಮಲದೊಡನೆ ಹುಲ್ಲಿಗೆ ಬೀಳುತ್ತದೆ. ಆ ಹುಲ್ಲು ಮೇಯ್ದ ಕುರಿ ತಲೆ ವಾಲಿಸಿ ಒಂದೇ ಕಡೆಗೆ ಸುತ್ತತೊಡಗುತ್ತದೆ. ಶ್ವಾಸಕೋಶ ಮತ್ತು ಪಿತ್ತಜನಕಾಂಗದ ಗುಳ್ಳೆಗಳಿಂದ ಬರುವ ಇನ್ನೊಂದು ಜಾತಿಯ ಲಾಡಿಹುಳು ಮನುಷ್ಯನ ಪಿತ್ತಜನಕಾಂಗದಲ್ಲಿಯೂ ಗುಳ್ಳೆ ಕಟ್ಟುತ್ತದೆ. ಅದಕ್ಕೆ ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಇಂಥ ಅಂಗಗಳನ್ನು ಆಳವಾಗಿ ಹೂಳಬೇಕು ಅಥವಾ ಸುಡಬೇಕು. ಹಟ್ಟಿಯ ನಾಯಿಗಳಿಗೆ ಲಾಡಿಹುಳುವಿಗೆ ತಕ್ಕ ಪ್ರಾಜಿಕ್ವಾಂಟೆಲ್ ಔಷಧವನ್ನು ವೈದ್ಯರ ಸಲಹೆಯಂತೆ ಆಗಾಗ ಕೊಡಿಸಬೇಕು. ದುಂಡುಹುಳುವಿನ ಮೊಟ್ಟೆಯೂ ಅಂಗಳದ ಮಣ್ಣಿನಿಂದ ಆಡುವ ಮಕ್ಕಳ ಬಾಯಿಗೆ ಹೋಗಿ ಕಣ್ಣಿನವರೆಗೆ ಹಾನಿ ಮಾಡಬಲ್ಲುದು. ಮರಿಯ ಮಲವನ್ನು ದಿನವೂ ತೆಗೆದು ಹೂಳುವುದು, ಮಕ್ಕಳು ಊಟಕ್ಕೆ ಮುಂಚೆ ಸೋಪಿನಿಂದ ಕೈತೊಳೆಯುವುದು ಅವಶ್ಯ.

ರೊಟ್ಟಿ ಏಕೆ ಸಾಲದು?

ಜೋಳದಲ್ಲಿ ಶೇ. 10ರಷ್ಟು ಸಸಾರಜನಕವಿದೆ, ರಾಗಿಯಲ್ಲಿ ಶೇ. 7ರಷ್ಟು. ಬೆಳೆಯುವ ನಾಯಿಮರಿಯ ಆಹಾರದಲ್ಲಿ, ನೀರಿನಂಶ ಕಳೆದು, ಶೇ. 22ಕ್ಕೆ ಕಡಿಮೆಯಿಲ್ಲದಷ್ಟು ಸಸಾರಜನಕ ಬೇಕು. ಆದುದರಿಂದ ಬರೀ ರೊಟ್ಟಿ, ಬರೀ ಮುದ್ದೆ ತಿಂದ ಮರಿ ಹೊಟ್ಟೆ ತುಂಬಿಯೂ ಹಸಿದಿರುತ್ತದೆ. ರಾಗಿಯಲ್ಲಿ ಸುಣ್ಣದಂಶ ಹೇರಳವಾಗಿರುವುದು ನಿಜ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿ.ಗ್ರಾಂ ಸುಣ್ಣದಂಶವಿದೆ. ಹಾಗೆಂದು ಅಂಬಲಿಯೊಂದರಿಂದಲೇ ಮಾಂಸಖಂಡ ಬೆಳೆಯದು. ಒಣ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಇಡುವುದು ಬೆಳೆದ ನಾಯಿಗೆ ಒಂದು ಹೊತ್ತಿನ ಮಟ್ಟಿಗೆ ಸರಿಹೋದೀತು, ಮರಿಗಲ್ಲ.

ಹಾಲಿನ ಲೆಕ್ಕವೂ ಹೀಗೆಯೇ. ನಾಯಿಯ ಹಾಲು ಹಸುವಿನ ಹಾಲಿಗಿಂತ ಬಹಳ ಗಟ್ಟಿ. ಅದರಲ್ಲಿ ಸಸಾರಜನಕವೂ ಕೊಬ್ಬೂ ಹಸುವಿನ ಹಾಲಿನಲ್ಲಿರುವುದರ ಎರಡು ಪಟ್ಟಿನಷ್ಟಿರುತ್ತವೆ, ಹಾಲಿನ ಸಕ್ಕರೆ ಮಾತ್ರ ಕಡಿಮೆ. ಹಸುವಿನ ಹಾಲಿಗೆ ನೀರು ಬೆರೆಸಿ ಕೊಟ್ಟರೆ ಪುಷ್ಟಿ ಇನ್ನೂ ಇಳಿಯುತ್ತದೆ. ಬಹಳ ಕೊಟ್ಟರೆ ಸಕ್ಕರೆ ಹೆಚ್ಚಾಗಿ ಭೇದಿಯಾಗುತ್ತದೆ. ಹಾಲನ್ನು ನೀರು ಬೆರೆಸದೆ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಬೇಕು. ಹಾಲು ಒಗ್ಗದ ಮರಿಗೆ ಮೊಸರು ಒಗ್ಗುವುದುಂಟು.

ನಾಲ್ಕು ವಾರಕ್ಕೂ ಚಿಕ್ಕದಾದ ಮರಿ ತಣ್ಣಗಾಗಿ ಮಂಕಾಗಿದ್ದರೆ ಅದಕ್ಕೆ ಹಾಲು ಹಾಕಬಾರದು. ತಣ್ಣಗಿರುವ ಮೈಯಲ್ಲಿ ಕರುಳು ಕೆಲಸ ಮಾಡದು, ಹಾಲು ಶ್ವಾಸನಾಳಕ್ಕೆ ಹೋಗಲೂಬಹುದು. ಮೊದಲು ಕಂಬಳಿಯಲ್ಲಿ ಸುತ್ತಿ, ಬಟ್ಟೆ ಸುತ್ತಿದ ಬಿಸಿನೀರಿನ ಶೀಸೆಯನ್ನು ಪಕ್ಕದಲ್ಲಿಟ್ಟು ನಿಧಾನವಾಗಿ ಬೆಚ್ಚಗಾಗಿಸಬೇಕು. ವಸಡಿಗೆ ಒಂದೆರಡು ಹನಿ ಗ್ಲೂಕೋಸ್ ಅಥವಾ ಬೆಲ್ಲದ ನೀರು ಸವರಿ, ಮರಿ ಚೇತರಿಸಿ ಚೀಪತೊಡಗಿದ ಮೇಲೆ ಆಹಾರ.

ದಿನದ ಆಹಾರ

ನಾಲ್ಕು ಕಿ.ಗ್ರಾಂ ತೂಗುವ, ಎರಡರಿಂದ ಮೂರು ತಿಂಗಳ ಮರಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ತೂಕಕ್ಕೆ ಹೋಲಿಸಿದರೆ ಇದು ಬೆಳೆದ ನಾಯಿಗೆ ಬೇಕಾದುದರ ಎರಡು ಪಟ್ಟು. ಅದನ್ನು ಹೀಗೆ ಒದಗಿಸಬಹುದು: ಜೋಳದ ನುಚ್ಚು ಅಥವಾ ಅಕ್ಕಿ 60 ಗ್ರಾಂ (ಬೇಯಿಸುವ ಮುಂಚಿನ ತೂಕ), ಎಲುಬಿಲ್ಲದ ಕೋಳಿಮಾಂಸ 100 ಗ್ರಾಂ, ಬೇಯಿಸಿದ ಕೋಳಿಮೊಟ್ಟೆ ಒಂದು, ಹಾಲು 150 ಮಿ.ಲೀ., ಶೇಂಗಾ ಎಣ್ಣೆ ಒಂದು ಚಹಾ ಚಮಚ. ಮಾಂಸದಲ್ಲಿ ಸುಣ್ಣದಂಶ ಕಡಿಮೆಯಾದ್ದರಿಂದ, ಮೊಟ್ಟೆಯ ಚಿಪ್ಪನ್ನು ತೊಳೆದು ಹುರಿದು ನುಣ್ಣಗೆ ಪುಡಿಮಾಡಿ ದಿನಕ್ಕೆ ಅರ್ಧ ಚಹಾ ಚಮಚ ಬೆರೆಸಬೇಕು. ಹೆಚ್ಚು ಹಾಕಿದರೆ ಎಲುಬು ಗಟ್ಟಿಯಾಗುವುದರ ಬದಲು ಸೊಟ್ಟಗಾಗುವ ಭಯವಿದೆ.

ಮಾಂಸ ಬಳಸದ ಮನೆಗಳಲ್ಲಿ ಮೊಟ್ಟೆ ಎರಡು, ಹುರುಳಿ ಅಥವಾ ತೊಗರಿಬೇಳೆ 40 ಗ್ರಾಂ, ನುಚ್ಚು 40 ಗ್ರಾಂ, ಹಾಲು 300 ಮಿ.ಲೀ. ಇಟ್ಟುಕೊಂಡರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಹುರುಳಿಯನ್ನು ರಾತ್ರಿ ನೆನೆಸಿ, ಹಿಸುಕಿದರೆ ಹಿಟ್ಟಾಗುವಂತೆ ಬೇಯಿಸಬೇಕು. ಮೊಟ್ಟೆಯನ್ನೂ ಒಳಗೆ ಸೇರಿಸದ ಮನೆಯವರು ಹಿತ್ತಲಿನ ಒಲೆಯಲ್ಲಿಯಾದರೂ ಬೇಯಿಸಿ ಹಾಕುವುದು ಮೇಲು. ಹಾಲು ಬೇಳೆಗಳಿಂದಲೇ ಬಡಕಲು ಮರಿಯನ್ನು ಎತ್ತುವುದು ಆಗದ ಕೆಲಸವಲ್ಲ, ಆದರೆ ಕಷ್ಟದ ಕೆಲಸ.

ಈ ಪೂರ್ಣ ಪ್ರಮಾಣವನ್ನು ಮೊದಲ ದಿನವೇ ಕೊಡತಕ್ಕದ್ದಲ್ಲ. ಬಹಳ ದಿನ ಹಸಿದ ಕರುಳಿಗೆ ಒಮ್ಮೆಲೇ ತುಂಬಿದರೆ ಭೇದಿಯಾಗುತ್ತದೆ, ಕೆಲವೊಮ್ಮೆ ಪ್ರಾಣವೂ ಹೋಗುತ್ತದೆ. ಮೊದಲ ಎರಡು ದಿನ ಮೂರನೆಯ ಒಂದು ಭಾಗ, ಆಮೇಲೆ ಮಲ ಗಟ್ಟಿಯಾಗಿರುವುದನ್ನು ನೋಡುತ್ತ ಏರಿಸಿ, ವಾರ ಹತ್ತು ದಿನದಲ್ಲಿ ಪೂರ್ಣ ಪ್ರಮಾಣಕ್ಕೆ ತರಬೇಕು. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಅನಂತರ ಎರಡು ಸಲ. ಶುದ್ಧವಾದ ನೀರು ಯಾವಾಗಲೂ ಇರಬೇಕು. ದೊಡ್ಡ ನಾಯಿಗಳೊಡನೆ ಒಂದೇ ತಟ್ಟೆಯಲ್ಲಿ ಹಾಕಿದರೆ ಸೊರಗಿದ ಮರಿಗೆ ಏನೂ ದಕ್ಕುವುದಿಲ್ಲ. ಅದನ್ನು ಬೇರೆ ಕೂಡಿಸಿ ತಿನ್ನಿಸಬೇಕು.

ಬೂಸ್ಟು ಹಿಡಿದ ಮೆಕ್ಕೆಜೋಳ, ಶೇಂಗಾ, ಹಿಂಡಿಗಳನ್ನು 'ನಾಯಿಗಾದರೂ ಆದೀತು' ಎಂದು ಬೇಯಿಸಿ ಹಾಕುವ ಅಭ್ಯಾಸವನ್ನು ಕೈಬಿಡಲೇಬೇಕು. ಈ ಬೂಸ್ಟಿನ ಅಫ್ಲಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗದು. ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ, ನಾಯಿಗಳಿಗಂತೂ ಅದು ಬಹಳ ಬೇಗ ತಾಗುತ್ತದೆ. ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ಬೆಳೆಗಾರರು ಇನ್ನೊಂದು ಮಾತು ತಿಳಿದಿರಬೇಕು: ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಒಣದ್ರಾಕ್ಷಿ ಮಾಡುವ ಚಪ್ಪರದ ಕೆಳಗೆ ಮರಿಯನ್ನು ಕಟ್ಟಬಾರದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರು ಮತ್ತು ಬೇಯಿಸಿದ ಎಲುಬು ಬೇಡ.

ಲಸಿಕೆ

ವಾಂತಿ ಹಾಗೂ ದುರ್ವಾಸನೆಯ ರಕ್ತಭೇದಿ ಮಾಡಿಸುವ ಪಾರ್ವೋ ರೋಗ ಸೊರಗಿದ ಮರಿಯನ್ನು ಎರಡು ಮೂರು ದಿನಗಳಲ್ಲಿ ಕೊಲ್ಲಬಲ್ಲುದು. ಇದರ ಲಸಿಕೆಯನ್ನು 6–8 ವಾರಕ್ಕೆ ಆರಂಭಿಸಿ, 16 ವಾರ ತುಂಬುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ರೋಗಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುವುದರಿಂದ, ಈ ರೋಗದಿಂದ ಮರಿ ಸತ್ತ ಅಂಗಳಕ್ಕೆ ಲಸಿಕೆಯಾಗದ ಹೊಸ ಮರಿಯನ್ನು ತರಬಾರದು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಒಂದು ವರ್ಷಕ್ಕೆ ಮತ್ತೊಮ್ಮೆ. ಲಸಿಕೆಯಾಗದ ಮರಿ ಆಟಕ್ಕೆ ಕಚ್ಚಿದರೂ ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗತಕ್ಕದ್ದು.

ತೂಕದ ಪಟ್ಟಿ

ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಆಹಾರಕ್ಕೆ ಮುಂಚೆ ಮರಿಯನ್ನು ಬುಟ್ಟಿಯಲ್ಲಿ ಕೂಡಿಸಿ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ತೂಕವನ್ನು ಬರೆದಿಡಬೇಕು. ಬೆಳೆದಾಗ 25 ಕಿ.ಗ್ರಾಂ ಆಗುವ ತಳಿಯ ಮರಿ ಈ ವಯಸ್ಸಿನಲ್ಲಿ ದಿನಕ್ಕೆ 50ರಿಂದ 100 ಗ್ರಾಂ, ಅಂದರೆ ವಾರಕ್ಕೆ 350ರಿಂದ 700 ಗ್ರಾಂ ಏರಬೇಕು. ತೂಕ ಏರಿದಂತೆ ಆಹಾರವನ್ನೂ ಏರಿಸಬೇಕು. ನಾಲ್ಕು ಕಿ.ಗ್ರಾಂ ಮರಿಯ ಲೆಕ್ಕದಲ್ಲಿಯೇ ಆರು ಕಿ.ಗ್ರಾಂ ಮರಿಯನ್ನು ನಡೆಸಿದರೆ ಅದು ಪುನಃ ಸೊರಗುತ್ತದೆ. ಹುಳುವಿನ ಔಷಧವೂ ಪೂರ್ಣ ಆಹಾರವೂ ಸಿಕ್ಕಿ ಎರಡು ವಾರ ಕಳೆದರೂ ತೂಕ ಏರದಿದ್ದರೆ, ಅಂದಿನ ಮಲವನ್ನು ಬೆರಳಿನ ತುದಿಯಷ್ಟು ಶುಭ್ರವಾದ ಶೀಸೆಯಲ್ಲಿ ತೆಗೆದುಕೊಂಡು, ತೂಕದ ಚೀಟಿಯೊಡನೆ ಮರಿಯನ್ನು ಪಶು ಆಸ್ಪತ್ರೆಗೆ ಒಯ್ಯಬೇಕು. ಎಷ್ಟು ದಿನದಲ್ಲಿ ಎಷ್ಟು ಗ್ರಾಂ ಏರಿತು, ಯಾವ ವಾರ ನಿಂತಿತು ಎಂಬುದು ಚೀಟಿಯಲ್ಲಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.