ನೇರ ಗೆರೆ, ಸಮ ವೇಗ: ಎಫ್‌3ಎ ಹಾರಾಟಕ್ಕೆ ಎಂಟು ಸೂತ್ರಗಳು

ರೇಡಿಯೊ ನಿಯಂತ್ರಿತ ವಿಮಾನಗಳ ಎಫ್‌3ಎ ಸ್ಪರ್ಧೆಯಲ್ಲಿ ಪ್ರತಿ ಕಸರತ್ತಿಗೂ 10 ಅಂಕದಿಂದ ಲೆಕ್ಕ ಶುರು. ಗೆರೆ ಓರೆಯಾದರೆ, ಲೂಪ್ ಸೊಟ್ಟಗಾದರೆ ಅಂಕ ಇಳಿಯುತ್ತದೆ. ಅಭ್ಯಾಸ ಬೇಕೇ ಬೇಕು; ಆ ಅಭ್ಯಾಸ ಫಲಿಸಲು ವಿಮಾನವೂ ಸರಿಯಿರಬೇಕು.

1. ಮಿತಿ ತಿಳಿಯಿರಿ. ರೆಕ್ಕೆಯ ತುದಿಯಿಂದ ತುದಿಗೆ 2 ಮೀಟರ್, ಉದ್ದವೂ 2 ಮೀಟರ್ ಮೀರುವಂತಿಲ್ಲ. ತೂಕಕ್ಕೂ ಮಿತಿಯಿದೆ. ಒಂದೊಂದು ಗ್ರಾಂ ಉಳಿಸಿ.

2. ಪಿಚ್ ಲೆಕ್ಕ ಹಾಕಿ. ಪ್ರೊಪೆಲ್ಲರ್ ಮೇಲಿನ 21×13 ಎಂದರೆ ವ್ಯಾಸ 21 ಇಂಚು, ಪಿಚ್ 13 ಇಂಚು. ಜಾರುವಿಕೆ ಬಿಟ್ಟರೆ ಒಂದು ಸುತ್ತಿಗೆ 13 ಇಂಚು ಮುನ್ನಡೆ. ನಿಮಿಷಕ್ಕೆ 6,000 ಸುತ್ತಾದರೆ ಗಂಟೆಗೆ ಸುಮಾರು 119 ಕಿ.ಮೀ.

3. ಇಳಿಯುವ ವೇಗ ನೋಡಿ ಪ್ರೊಪೆಲ್ಲರ್ ಆರಿಸಿ. ವ್ಯಾಸ ಹೆಚ್ಚು, ಪಿಚ್ ಕಡಿಮೆ ಇದ್ದರೆ ಥ್ರಾಟಲ್ ಇಳಿಸಿದಾಗ ಪ್ರೊಪೆಲ್ಲರ್ ಗಾಳಿಗೆ ತಡೆಯೊಡ್ಡಿ ಬ್ರೇಕ್ ಹಾಕುತ್ತದೆ. ಪಿಚ್ ಹೆಚ್ಚಾದರೆ ಗಾಳಿಗೆದುರು ನುಗ್ಗುವುದು ಸುಲಭ, ಆದರೆ ಇಳಿಯುವಾಗ ವಿಮಾನ ಓಡಿಬಿಡುತ್ತದೆ.

4. ಎತ್ತರದ ಒಡಲಿಗೆ ಬೆಲೆ ಕೊಡಿ. ನೈಫ್ ಎಡ್ಜ್‌ನಲ್ಲಿ (ರೆಕ್ಕೆ ನೆಟ್ಟಗೆ ನಿಲ್ಲುವಂತೆ ಪಕ್ಕಕ್ಕೆ ವಾಲಿ ಹಾರುವಾಗ) ಭಾರ ಹೊರುವುದು ಮುಖ್ಯವಾಗಿ ಒಡಲೇ. ಅದರ ಪಕ್ಕದ ಮೈ ವಿಶಾಲವಾಗಿದ್ದರೆ ಕಡಿಮೆ ರಡ್ಡರ್ ಸಾಕು.

5. ಗುರುತ್ವ ಕೇಂದ್ರ ಪರೀಕ್ಷಿಸಿ. ವಿಮಾನವನ್ನು ತಲೆಕೆಳಗು ಮಾಡಿ 45 ಡಿಗ್ರಿಯಲ್ಲಿ ಏರಿಸಿ, ಎಲಿವೇಟರ್ ಬಿಡಿ. ಬೇಗನೆ ನೆಲದತ್ತ ಬಾಗಿದರೆ ಮೂತಿ ಭಾರ. ಇನ್ನೂ ಮೇಲಕ್ಕೆ ಬಾಗಿದರೆ ಬಾಲ ಭಾರ.

6. ಮೋಟಾರಿನ ಕೋನ ಸರಿಪಡಿಸಿ. ಪೂರ್ತಿ ಶಕ್ತಿಯಲ್ಲಿ ನೇರ ಮೇಲಕ್ಕೇರುವಾಗ ಎಡಕ್ಕೆ ಎಳೆದರೆ ಮೋಟಾರನ್ನು ಇನ್ನಷ್ಟು ಬಲಕ್ಕೆ ತಿರುಗಿಸಿ. ಎದುರುಬದುರು ಸುತ್ತುವ ಜೋಡಿ ಪ್ರೊಪೆಲ್ಲರ್ ಈ ಎಳೆತವನ್ನು ಬಹುಪಾಲು ಅಳಿಸುತ್ತದೆ. ಆದರೆ ದುಬಾರಿ, ತೂಕವೂ ಹೆಚ್ಚು.

7. ಮೊದಲು ಮೈ, ಆಮೇಲೆ ಮಿಕ್ಸಿಂಗ್. ರಡ್ಡರ್ ಕೊಟ್ಟತ್ತಲೇ ವಿಮಾನ ಉರುಳಿದರೆ ರೆಕ್ಕೆಯ ಡೈಹೆಡ್ರಲ್ (ಮೇಲ್ಮುಖ ಕೋನ) ಹೆಚ್ಚು, ವಿರುದ್ಧ ದಿಕ್ಕಿಗೆ ಉರುಳಿದರೆ ಕಡಿಮೆ. ರೇಡಿಯೊ ಮಿಕ್ಸಿಂಗ್ (ಒಂದು ನಿಯಂತ್ರಣದ ಜೊತೆ ಇನ್ನೊಂದನ್ನು ತಾನಾಗಿ ಸೇರಿಸುವುದು) ಉಳಿದ ಅಲ್ಪ ದೋಷಕ್ಕೆ ಮಾತ್ರ ಇರಲಿ.

8. ಒಂದು ಸಲಕ್ಕೆ ಒಂದೇ ಬದಲಾವಣೆ. ಗಾಳಿಯಿಲ್ಲದ ಬೆಳಗ್ಗೆ ಹಾರಿಸಿ, ಫಲಿತಾಂಶ ಬರೆದಿಡಿ. ಪ್ರೊಪೆಲ್ಲರ್ ಬದಲಿಸಿದರೆ ತೂಕ, ಎಳೆತ ಎರಡೂ ಬದಲಾಗುತ್ತವೆ. 5ರಿಂದ 7ರವರೆಗಿನ ಪರೀಕ್ಷೆಗಳನ್ನು ಮತ್ತೆ ಮಾಡಿ.

ಪ್ರೊಪೆಲ್ಲರ್ ಮತ್ತು ಒಡಲು ಬೇರೆ ಬೇರೆಯಲ್ಲ, ಎರಡೂ ಸೇರಿ ಒಂದೇ ಯಂತ್ರ. ಹೊಸ ವಿಮಾನಕ್ಕೆ ಹಣ ಹಾಕುವ ಮೊದಲು ಕೈಯಲ್ಲಿರುವುದನ್ನು ಪೂರ್ತಿ ಹದಗೊಳಿಸಿ. ಅಂಕ ಏರುವುದು ಅಲ್ಲಿಂದಲೇ.