ಕಟ್ ಕೇಳಿಸದ ಶಾಟ್

ಸ್ಯಾಮ್ ಮೆಂಡೆಸ್‌ ಅವರ ‘1917’ (2019) ಯುದ್ಧಚಿತ್ರದ ತಂಡ ಕಂದಕ ತೋಡುವ ಮುಂಚೆಯೇ ನಟರನ್ನು ಬರೀ ಬಯಲಲ್ಲಿ ಸಂಭಾಷಣೆ ಹೇಳಿಸುತ್ತಾ ನಡೆಸಿತು. ಮಾತು ಎಷ್ಟು ದೂರಕ್ಕೆ ಮುಗಿಯಿತೋ ಅಷ್ಟೇ ಉದ್ದದ ಕಂದಕ ತೋಡಿದರು. ದಾರಿ ಉದ್ದವಾದರೆ ನಟರು ಬಾಯಿ ಮುಚ್ಚಿಕೊಂಡು ನಡೆಯಬೇಕು, ಗಿಡ್ಡವಾದರೆ ಮಾತು ಉಳಿದುಬಿಡುತ್ತದೆ. ಕಟ್ ಇಲ್ಲದೆ ಸಾಗುವ ಉದ್ದನೆಯ ಶಾಟ್, ಅಂದರೆ ಲಾಂಗ್ ಟೇಕ್‌ ಗೆಲ್ಲುವುದೂ ಸೋಲುವುದೂ ಇಲ್ಲೇ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಬಾಡಿಗೆಗೆ ತರುವುದು ಆಮೇಲಿನ ಮಾತು.

ಕಿರುಚಿತ್ರಕ್ಕೆ ಒಂದು ಮದುವೆ ಮನೆ ಇಟ್ಟುಕೊಳ್ಳೋಣ. ಅಣ್ಣ ಗೇಟು ದಾಟಿ, ಪಡಸಾಲೆ, ಅಡುಗೆಮನೆ ಹಾಯ್ದು, ಹಿತ್ತಲಲ್ಲಿ ಅಳುತ್ತಾ ಕೂತ ತಂಗಿಯ ಹತ್ತಿರ ಬರುತ್ತಾನೆ. ಮೊದಲು ವಾಚ್ ಹಿಡಿದು ನಡೆಯಿರಿ. ಮನೆಯ ನಕ್ಷೆ ಬರೆದು ನಟನ ದಾರಿಗೆ ಕೆಂಪು ಗೆರೆ, ಕ್ಯಾಮೆರಾ ದಾರಿಗೆ ನೀಲಿ ಗೆರೆ ಎಳೆಯಿರಿ. ಎರಡೂ ಅಡ್ಡ ಹಾಯುವ ಕಡೆಗಳಲ್ಲೇ ಡಿಕ್ಕಿ ಆಗುವುದು. ಕನ್ನಡಿ, ಶೋಕೇಸಿನ ಗಾಜು, ಸ್ಟೀಲ್ ಕೊಳಗ ಇವುಗಳಲ್ಲಿ ನಿಮ್ಮ ಮುಖ ಕಾಣುತ್ತದೆಯೇ ನೋಡಿಕೊಳ್ಳಿ.

ಬೆಳಕಿನದು ದೊಡ್ಡ ತಲೆನೋವು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಚಿತ್ರ ಕಪ್ಪಾಗುತ್ತದೆ. ಫೋನ್ ಕ್ಯಾಮೆರಾದ ಎಕ್ಸ್‌ಪೋಷರ್ ಆಟೋದಲ್ಲಿದ್ದರೆ ಹೊಸ್ತಿಲ ಮೇಲೆಯೇ ಕಣ್ಣು ಮಿಟುಕಿಸಿದಂತೆ ಬೆಳಕು ಏರಿಳಿಯುತ್ತದೆ. ಆಟೋ ತೆಗೆದುಹಾಕಿ, ಮೋಡ ಕವಿದಾಗಲೋ ಸಂಜೆಯೋ ಚಿತ್ರೀಕರಿಸಿ. ಕ್ಯಾಮೆರಾ ಎಲ್ಲೆಲ್ಲೂ ತಿರುಗುವುದರಿಂದ ಲೈಟ್ ಸ್ಟ್ಯಾಂಡ್ ಇಡಲು ಜಾಗವಿರದು. ಮನೆಯ ಬಲ್ಬುಗಳನ್ನೇ ಬದಲಿಸಿ.

ಹಿಮ್ಮುಖವಾಗಿ ನಡೆಯುವ ಕ್ಯಾಮೆರಾದವನ ಸೊಂಟ ಹಿಡಿದು ದಾರಿ ತೋರಲು ಒಬ್ಬ ಬೇಕು. ನನ್ನ ಮೊದಲ ಪ್ರಯತ್ನದಲ್ಲಿ ಆ ಒಬ್ಬನಿಗೆ ಊಟಕ್ಕೆ ಹೋಗಲು ಹೇಳಿದ್ದೆ. ಅಡುಗೆಮನೆ ಹೊಸ್ತಿಲಿಗೆ ಹಿಮ್ಮಡಿ ತಾಗಿ ಕ್ಯಾಮೆರಾದವನು ಸೀದಾ ಸಾರಿನ ಪಾತ್ರೆಯ ಪಕ್ಕ ಕೂತ.

ಒಂದೇ ಉಸಿರಿಗೆ ಮುಗಿಯದಿದ್ದರೆ ಕಟ್ ಬಚ್ಚಿಡಿ. ಹಿಚ್‌ಕಾಕ್ ‘ರೋಪ್‌’ (1948) ಮಾಡಿದಾಗ ಒಂದು ರೀಲು ಸುಮಾರು ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಕೆಲವೆಡೆ ಪಾತ್ರದ ಕೋಟಿನ ಬೆನ್ನಿಗೆ ಕ್ಯಾಮೆರಾ ಒತ್ತಿ ರೀಲು ಬದಲಿಸಿದರು. ನಿಮಗೆ ಕತ್ತಲ ಬಾಗಿಲು ಸಾಕು. ಆದರೆ ಎರಡೂ ತುಣುಕುಗಳಲ್ಲಿ ನಡಿಗೆಯ ವೇಗ ಒಂದೇ ಇರಲಿ.

ಕೆಡಬಹುದಾದ್ದನ್ನೆಲ್ಲ ಆದಷ್ಟೂ ಮೊದಲ ನಿಮಿಷಕ್ಕೆ ತಳ್ಳಿ. 96 ನಿಮಿಷದ ‘ರಷ್ಯನ್ ಆರ್ಕ್‌’ ಅನ್ನು 2001ರ ಡಿಸೆಂಬರ್ 23ರಂದು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್‌ನಲ್ಲಿ ಒಂದೇ ಶಾಟ್‌ನಲ್ಲಿ ತೆಗೆದಾಗ ಮೂರು ಟೇಕ್ ಕೆಟ್ಟು ನಾಲ್ಕನೆಯದು ದಕ್ಕಿತು. ಆ ಮೂರೂ ಬೇಗ ಕೆಟ್ಟಿದ್ದರಿಂದಲೇ ನಾಲ್ಕನೆಯದಕ್ಕೆ ಹೊತ್ತು ಉಳಿದಿತ್ತು.

ಇನ್ನೊಂದು ಕಟ್ಟಳೆ: ನಿರ್ದೇಶಕರ ಹೊರತು ಯಾರೂ ಕಟ್ ಅನ್ನಬಾರದು, ನಿರ್ದೇಶಕರೂ ಮೂರು ಎಣಿಸಿ ಅನ್ನಬೇಕು. ‘ಚಿಲ್ಡ್ರನ್ ಆಫ್ ಮೆನ್‌’ (2006) ಚಿತ್ರದ ಕಾಳಗದಲ್ಲಿ ಲೆನ್ಸ್ ಮೇಲೆ ನಕಲಿ ರಕ್ತ ಸಿಡಿದಾಗ ನಿರ್ದೇಶಕ ಕ್ವಾರೋನ್ ಕಟ್ ಎಂದು ಕೂಗಿದರಂತೆ. ಸಿಡಿತದ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ, ಕ್ಯಾಮೆರಾ ಓಡುತ್ತಲೇ ಇತ್ತು. ರಕ್ತ ಮೆತ್ತಿದ ಆ ಲೆನ್ಸಿನಲ್ಲಿ ಕಂಡ ದೃಶ್ಯವೇ ಚಿತ್ರದಲ್ಲಿದೆ.